ಮನೆಯಲ್ಲೇ ಯೋಗಾಭ್ಯಾಸ: ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸುವ ಬಗೆ

ಯೋಗವನ್ನು ತರಗತಿಯಲ್ಲಿ ಒಂದೆರಡು ತಿಂಗಳು ಶ್ರದ್ಧೆಯಿಂದ ಕಲಿತವರು ಕೂಡ ಮನೆಯಲ್ಲಿ ಒಬ್ಬರೇ ಮುಂದುವರಿಸಬೇಕಾಗಿ ಬಂದಾಗ ಕೆಲವೇ ದಿನಗಳಲ್ಲಿ ಕೈಬಿಟ್ಟುಬಿಡುವುದುಂಟು. ಹಾಗೆ ಬಿಟ್ಟವರು ಸಾಮಾನ್ಯವಾಗಿ ತಮ್ಮ ಸೋಮಾರಿತನವನ್ನೇ ಹಳಿದುಕೊಳ್ಳುತ್ತಾರೆ. ನಾನು ಕಂಡಂತೆ ತಪ್ಪು ಇರುವುದು ಬಹುಮಟ್ಟಿಗೆ ಲೆಕ್ಕಾಚಾರದಲ್ಲಿ: ತರಗತಿಯ ಒಂದು ಗಂಟೆಯ ಪಾಠವನ್ನು ಹಾಗೆಯೇ ಎತ್ತಿ ಮನೆಗೆ ತಂದಿರುತ್ತಾರೆ. ತರಗತಿಯಲ್ಲಿ ಹೇಳಿಕೊಡುವವರ ದನಿ, ಅಕ್ಕಪಕ್ಕದವರ ಉಸಿರಾಟ, ನಿಗದಿಯಾದ ಹೊತ್ತು ಎಲ್ಲವೂ ಸೇರಿ ಆ ಗಂಟೆಯ ಉದ್ದಕ್ಕೂ ನಮ್ಮನ್ನು ಕೈಹಿಡಿದು ನಡೆಸುತ್ತವೆ. ಮನೆಯಲ್ಲಿ ಅವುಗಳಲ್ಲಿ ಒಂದೂ ಇರುವುದಿಲ್ಲ. ಮೊದಲ ವರ್ಷ ನಾನು ಮೂರು ಬಾರಿ ಒಂದು ಗಂಟೆಯ ವೇಳಾಪಟ್ಟಿ ಹಾಕಿಕೊಂಡು, ಮೂರು ಬಾರಿಯೂ ಎರಡು ವಾರ ದಾಟಲಾರದೆ ನಿಲ್ಲಿಸಿದೆ. ನಾಲ್ಕನೆಯ ಬಾರಿ ಹತ್ತೇ ನಿಮಿಷವೆಂದು ನಿಶ್ಚಯಿಸಿಕೊಂಡೆ, ಅದು ಉಳಿದುಕೊಂಡಿತು. ಆ ಹತ್ತು ನಿಮಿಷವನ್ನು ಕಟ್ಟಿಕೊಳ್ಳುವ ಬಗೆಯನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಪತಂಜಲಿಯ ಯೋಗಸೂತ್ರಗಳು ಅಭ್ಯಾಸ ಗಟ್ಟಿಯಾಗಿ ನೆಲೆಗೊಳ್ಳುವುದಕ್ಕೆ ಮೂರು ಷರತ್ತುಗಳನ್ನು ಹೇಳುತ್ತವೆ: ದೀರ್ಘಕಾಲ ಮಾಡಬೇಕು, ಎಡೆಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ಒಂದು ದಿನಕ್ಕೆ ಎಷ್ಟು ಹೊತ್ತು ಎಂಬ ಮಾತು ಆ ಸೂತ್ರದಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ವಾರಕ್ಕೊಮ್ಮೆ ಎರಡು ಗಂಟೆ ದಂಡಿಸಿಕೊಂಡು ಮರುದಿನ ಮೈಕೈ ನೋವಿನಿಂದ ನರಳುವುದಕ್ಕಿಂತ, ದಿನವೂ ಹತ್ತು ನಿಮಿಷ ಸ್ನಾಯುಗಳಿಗೂ ಕೀಲುಗಳಿಗೂ ಅದೇ ಚಲನೆಯನ್ನು ನೆನಪಿಸುವುದು ಹೆಚ್ಚು ಫಲ ಕೊಡುತ್ತದೆ.

ಹೊತ್ತು ಮತ್ತು ಜಾಗ

ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ನೀವು ಹೇಗೂ ದಿನವೂ ಮಾಡುವ ಇನ್ನೊಂದು ಕೆಲಸಕ್ಕೆ ಕಟ್ಟುವುದು ಒಳ್ಳೆಯದು. ಬೆಳಿಗ್ಗೆ ಎದ್ದು ಅರ್ಧ ಗಂಟೆ ಓಡಾಡಿ, ಹಲ್ಲುಜ್ಜಿ ಮುಖ ತೊಳೆದ ಕೂಡಲೇ ಚಾಪೆ ಹಾಸುವುದು, ಅಥವಾ ಸಂಜೆ ಕೆಲಸ ಮುಗಿಸಿ ಬಂದು ಬಟ್ಟೆ ಬದಲಿಸಿದ ಕೂಡಲೇ ಹಾಸುವುದು ಎಂದು ನಿಶ್ಚಯಿಸಿಕೊಂಡರೆ, ಇಂದು ಮಾಡಲೋ ಬೇಡವೋ ಎಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಹೊಟ್ಟೆ ಹಗುರವಾಗಿರಬೇಕು, ಪೂರ್ಣ ಊಟವಾಗಿದ್ದರೆ ಮೂರು ನಾಲ್ಕು ಗಂಟೆ, ಲಘು ಆಹಾರವಾಗಿದ್ದರೆ ಒಂದೂವರೆ ಎರಡು ಗಂಟೆ ಬಿಡುವುದು ವಾಡಿಕೆ.

ಬೆಳಗಿನ ಅಭ್ಯಾಸದ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ರಾತ್ರಿ ಮಲಗಿರುವಾಗ ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕುಗಳು ನೀರನ್ನು ಹೀರಿಕೊಂಡು ಉಬ್ಬಿರುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟಾದರೂ ಎತ್ತರವಾಗಿರುವುದು ಈ ಕಾರಣಕ್ಕೆ. ಆ ಸ್ಥಿತಿಯಲ್ಲಿ ಥಟ್ಟನೆ ಮುಂದಕ್ಕೆ ಬಾಗಿ ಪಾದ ಮುಟ್ಟಲು ಹೋದರೆ ಡಿಸ್ಕುಗಳ ಮೇಲೆ ಬೀಳುವ ಒತ್ತಡ ದಿನದ ಬೇರೆ ಹೊತ್ತಿಗಿಂತ ಹೆಚ್ಚಾಗಿರುತ್ತದೆ. ಆದ್ದರಿಂದ ಎದ್ದ ಮೇಲೆ ಅರ್ಧ ಗಂಟೆಯಾದರೂ ಓಡಾಡಿದ ನಂತರ ಆರಂಭಿಸುವುದು, ಬೆಳಗಿನ ಕ್ರಮದಲ್ಲಿ ಆಳವಾದ ಮುಂಬಾಗುವ ಆಸನಗಳನ್ನು ಇಟ್ಟುಕೊಳ್ಳದಿರುವುದು ಕ್ಷೇಮ. ಸಂಜೆಗೆ ಮೈ ತಾನಾಗಿಯೇ ಸಡಿಲವಾಗಿರುತ್ತದೆ. ಬೆಳಿಗ್ಗೆ ಮಂಡಿಯವರೆಗೂ ಬಾಗದ ಕೈ ಸಂಜೆ ಕಣಕಾಲನ್ನು ಮುಟ್ಟಿದರೆ ಆಶ್ಚರ್ಯಪಡಬೇಕಾಗಿಲ್ಲ.

ಜಾಗದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೈಗಳನ್ನು ಪಕ್ಕಕ್ಕೆ ಚಾಚಿದರೆ ಏನೂ ತಗಲದಷ್ಟು, ಉದ್ದಕ್ಕೆ ಮಲಗುವಷ್ಟು ಸ್ಥಳ, ಜಾರದ ಚಾಪೆ, ಮಡಚಿದ ಒಂದು ಹೊದಿಕೆ ಮತ್ತು ಹತ್ತಿರದಲ್ಲೊಂದು ಖಾಲಿ ಗೋಡೆ ಇದ್ದರೆ ಸಾಕು. ಆಸರೆಯ ವಸ್ತುಗಳನ್ನು ಬಳಸುವುದಕ್ಕೆ ಸಂಕೋಚ ಬೇಡ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಮರದ ಇಟ್ಟಿಗೆ, ಪಟ್ಟಿ, ಕುರ್ಚಿ, ದಿಂಬುಗಳನ್ನು ಅಭ್ಯಾಸದ ಅಂಗವನ್ನಾಗಿಯೇ ರೂಪಿಸಿ, ಮೈ ಬಾಗದವರಿಗೂ ರೋಗಿಗಳಿಗೂ ಆಸನಗಳು ಎಟಕುವಂತೆ ಮಾಡಿದರು. ಇಟ್ಟಿಗೆಯ ಬದಲು ಎರಡು ದಪ್ಪ ಪುಸ್ತಕ, ಪಟ್ಟಿಯ ಬದಲು ಉದ್ದನೆಯ ಟವೆಲ್ ಸಾಕಾಗುತ್ತದೆ.

ಉಸಿರನ್ನು ಕೇಳುವುದು

ಮನೆಯಲ್ಲಿ ನಮ್ಮ ಬೆನ್ನು ಡೊಂಕಾಗಿದೆಯೇ, ಹೆಗಲು ಬಿಗಿದಿದೆಯೇ ಎಂದು ನೋಡಿ ಹೇಳುವ ಕಣ್ಣು ಇರುವುದಿಲ್ಲ. ಆ ಕಣ್ಣಿನ ಕೆಲಸವನ್ನು ಉಸಿರಿಗೆ ಒಪ್ಪಿಸಬೇಕು. ಇದು ನನ್ನ ಮಟ್ಟಿಗೆ ಮನೆಯ ಅಭ್ಯಾಸದ ತಿರುಳು, ಆದ್ದರಿಂದ ತುಸು ಬಿಡಿಸಿ ಹೇಳುತ್ತೇನೆ.

ಯಾವುದೇ ಆಸನದಲ್ಲಿ ದೇಹ ತನ್ನ ಮಿತಿಯನ್ನು ಮೀರುತ್ತಿರುವಾಗ ಮೊದಲು ಕೆಡುವುದು ಉಸಿರಿನ ಲಯ. ಸ್ನಾಯುವಿನಲ್ಲಿ ನೋವು ಕಾಣಿಸಿಕೊಳ್ಳುವ ಮೊದಲೇ ಉಸಿರು ಮೊಟಕಾಗುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ನಮಗೆ ಅರಿವಿಲ್ಲದೆಯೇ ನಿಂತುಬಿಡುತ್ತದೆ. ಜೊತೆಗೆ ದವಡೆ ಬಿಗಿಯುತ್ತದೆ, ಹುಬ್ಬು ಗಂಟಾಗುತ್ತದೆ. ಹಾಗಾದ ಕೂಡಲೇ ಆಸನದಿಂದ ಕಾಲುಭಾಗದಷ್ಟು ಹಿಂದಕ್ಕೆ ಬರಬೇಕು. ಉಸಿರು ಮತ್ತೆ ಮೂಗಿನಲ್ಲಿ ಸದ್ದಿಲ್ಲದೆ, ಸಮನಾಗಿ ಆಡತೊಡಗುವ ಜಾಗವೇ ಆ ದಿನದ ಮಟ್ಟಿಗೆ ನಿಮ್ಮ ಆಸನ. ಯೋಗಸೂತ್ರಗಳಲ್ಲಿ ಆಸನವನ್ನು ಕುರಿತು ಇರುವುದು ಮೂರೇ ಸೂತ್ರಗಳು. ಅವುಗಳಲ್ಲಿ ಮೊದಲನೆಯದು ಆಸನವೆಂದರೆ ಸ್ಥಿರವೂ ಸುಖವೂ ಆಗಿರುವಂಥದ್ದು ಎನ್ನುತ್ತದೆ, ಎರಡನೆಯದು ಪ್ರಯತ್ನವನ್ನು ಸಡಿಲಿಸುವ ಮಾತನ್ನಾಡುತ್ತದೆ. ಉಸಿರು ಸಲೀಸಾಗಿದ್ದರೆ ಈ ಎರಡೂ ಕೈಗೂಡಿವೆ ಎಂದು ತಿಳಿಯಬಹುದು.

ಉಸಿರಿಗೂ ಮೈಗೂ ಇರುವ ನಂಟನ್ನು ಕೈಯಾರೆ ತಿಳಿಯಬೇಕಾದರೆ, ನೆಟ್ಟಗೆ ಕುಳಿತು ಒಂದು ಕೈಯ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಇನ್ನೊಂದು ಕೈಯ ಎರಡು ಬೆರಳುಗಳನ್ನಿಟ್ಟು ನಾಡಿಯನ್ನು ಹುಡುಕಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡಿ. ನಾಲ್ಕೈದು ಸುತ್ತಿನೊಳಗೆ, ಪೂರಕದಲ್ಲಿ, ಅಂದರೆ ಉಸಿರು ತೆಗೆದುಕೊಳ್ಳುವಾಗ, ನಾಡಿ ತುಸು ಚುರುಕಾಗುವುದೂ ರೇಚಕದಲ್ಲಿ, ಅಂದರೆ ಬಿಡುವಾಗ, ನಿಧಾನವಾಗುವುದೂ ಬಹಳ ಮಂದಿಗೆ ಬೆರಳ ತುದಿಯಲ್ಲೇ ತಿಳಿಯುತ್ತದೆ. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ವೇಗವನ್ನು ತಗ್ಗಿಸುವುದೇ ಇದಕ್ಕೆ ಕಾರಣ. ಬಿಡುವ ಉಸಿರನ್ನು ಉದ್ದಮಾಡಿಕೊಂಡರೆ ಮೈಮನಸ್ಸು ತಣಿಯುತ್ತದೆ ಎಂದು ಹೇಳಿಕೊಡುವವರು ಪದೇ ಪದೇ ಹೇಳುವುದಕ್ಕೆ ಆಧಾರವೂ ಇದೇ.

ಹತ್ತು ನಿಮಿಷದ ಕ್ರಮ

ಕ್ರಮವನ್ನು ಆರಿಸಿಕೊಳ್ಳುವಾಗ ನಾನು ಒಂದೇ ಅಳತೆಯನ್ನು ಇಟ್ಟುಕೊಂಡಿದ್ದೇನೆ: ಬೆನ್ನುಮೂಳೆ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಬಾಗಬೇಕು, ಎರಡೂ ಕಡೆಗೆ ತಿರುಗಬೇಕು, ಕೊನೆಗೆ ಮಲಗಿ ವಿಶ್ರಮಿಸಬೇಕು. ಇಷ್ಟಾದರೆ ದಿನದ ಲೆಕ್ಕ ತುಂಬಿತು.

ಮೊದಲು ತಾಡಾಸನ. ಸುಮ್ಮನೆ ನಿಲ್ಲುವುದರಲ್ಲೇನಿದೆ ಎಂದು ಇದನ್ನು ಹಾರಿಸಿಬಿಡುವವರೇ ಹೆಚ್ಚು. ಪಾದಗಳನ್ನು ಸೊಂಟದಷ್ಟು ಅಗಲಕ್ಕಿಟ್ಟು ನಿಂತು, ಪ್ರತಿ ಪಾದದಲ್ಲಿ ನಾಲ್ಕು ಬಿಂದುಗಳನ್ನು ಗುರುತಿಸಿಕೊಳ್ಳಿ: ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿಯ ಒಳಬದಿ, ಹಿಮ್ಮಡಿಯ ಹೊರಬದಿ. ನಾಲ್ಕರ ಮೇಲೂ ಭಾರ ಸಮನಾಗಿ ಬೀಳುತ್ತಿದೆಯೇ ನೋಡಿ. ಬೆರಳುಗಳನ್ನು ಮೇಲೆತ್ತಿ ಅಗಲಿಸಿ ಮತ್ತೆ ನೆಲಕ್ಕಿಟ್ಟರೆ ಪಾದದ ಕಮಾನು ಎಚ್ಚರಗೊಳ್ಳುವುದು ತಿಳಿಯುತ್ತದೆ. ಮಂಡಿಚಿಪ್ಪುಗಳನ್ನು ತುಸು ಮೇಲಕ್ಕೆಳೆದುಕೊಂಡು, ಹೆಗಲುಗಳನ್ನು ಕಿವಿಯಿಂದ ದೂರ ಇಳಿಬಿಟ್ಟು, ತಲೆಯ ನೆತ್ತಿಯನ್ನು ಮೇಲಕ್ಕೆ ಬೆಳೆಯಬಿಡಿ. ಎಂಟು ಹತ್ತು ಉಸಿರು ಹೀಗೆಯೇ ನಿಲ್ಲಿ. ನನ್ನ ಎಡ ಹಿಮ್ಮಡಿಯ ಮೇಲೆ ನಾನು ವರ್ಷಗಟ್ಟಲೆ ಹೆಚ್ಚು ಭಾರ ಹಾಕಿ ನಿಲ್ಲುತ್ತಿದ್ದೆನೆಂಬುದು ನನಗೆ ಗೊತ್ತಾದದ್ದು ಈ ಆಸನದಲ್ಲಿ. ಚಪ್ಪಲಿಯ ಎಡ ಹಿಮ್ಮಡಿ ಸವೆದಿರುವುದನ್ನು ಅದಾದ ಮೇಲಷ್ಟೇ ಗಮನಿಸಿದೆ.

ಅಲ್ಲಿಂದಲೇ, ಉಸಿರು ತೆಗೆದುಕೊಳ್ಳುತ್ತ ಎರಡೂ ತೋಳುಗಳನ್ನು ಪಕ್ಕದಿಂದ ಮೇಲಕ್ಕೆತ್ತಿ, ಬಿಡುತ್ತ ಕೆಳಗಿಳಿಸಿ, ಐದು ಬಾರಿ. ತೋಳಿನ ಚಲನೆ ಉಸಿರಿನ ಜೊತೆಗೇ ಶುರುವಾಗಿ ಉಸಿರಿನ ಜೊತೆಗೇ ಮುಗಿಯಬೇಕು, ತೋಳು ಉಸಿರನ್ನು ಓಡಿಸಬಾರದು. ಬಳಿಕ ಬಲಗೈಯನ್ನು ಮೇಲಕ್ಕೆ ಚಾಚಿ ಎಡಕ್ಕೆ ಬಾಗಿ ಮೂರು ಉಸಿರು, ಹಾಗೆಯೇ ಇನ್ನೊಂದು ಬದಿಗೆ ಮೂರು ಉಸಿರು. ಬಾಗುವಾಗ ಎದೆ ನೆಲದತ್ತ ತಿರುಗದೆ ಮುಂದಕ್ಕೇ ಮುಖಮಾಡಿರಬೇಕು.

ಆಮೇಲೆ ಕೈಗಳನ್ನೂ ಮಂಡಿಗಳನ್ನೂ ಊರಿ ಮಾರ್ಜಾಲಾಸನಕ್ಕೆ ಬನ್ನಿ. ಹೆಗಲಿನ ನೇರ ಕೆಳಗೆ ಅಂಗೈ, ಸೊಂಟದ ನೇರ ಕೆಳಗೆ ಮಂಡಿ ಇರಲಿ. ಮಂಡಿ ನೋಯುವವರು ಹೊದಿಕೆಯನ್ನು ಮಡಚಿ ಕೆಳಗಿಟ್ಟುಕೊಳ್ಳಬೇಕು. ಉಸಿರು ತೆಗೆದುಕೊಳ್ಳುತ್ತ ಎದೆಯನ್ನು ಮುಂದಕ್ಕೆ ತೆರೆದು ಬೆನ್ನನ್ನು ತಗ್ಗಿಸಿ, ಬಿಡುತ್ತ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಬೆನ್ನನ್ನು ಗುಮ್ಮಟದಂತೆ ಮೇಲಕ್ಕೆತ್ತಿ. ಚಲನೆ ಬಾಲದ ಮೂಳೆಯಿಂದ ಹೊರಟು, ಒಂದೊಂದೇ ಮಣಿಯಾಗಿ ಮೇಲೇರಿ, ತಲೆ ಕಟ್ಟಕಡೆಗೆ ಅಲುಗಬೇಕು. ಆರಂಭದಲ್ಲಿ ಬೆನ್ನೆಲ್ಲ ಒಂದೇ ಹಲಗೆಯಂತೆ ಏರಿಳಿಯುತ್ತದೆ. ಕೆಲವು ವಾರಗಳಾದ ಮೇಲೆ, ಸೊಂಟದ ಬಳಿ ಮಣಿಗಳು ಬೇರೆಬೇರೆಯಾಗಿ ಬಿಡಿಸಿಕೊಂಡಂತೆ ಭಾಸವಾಗುತ್ತದೆ. ಎಂಟು ಸುತ್ತು ಸಾಕು.

ಅಲ್ಲಿಂದ ಕಾಲ್ಬೆರಳುಗಳನ್ನು ಮಡಚಿ ಊರಿ, ಸೊಂಟವನ್ನು ಹಿಂದಕ್ಕೂ ಮೇಲಕ್ಕೂ ಎತ್ತಿದರೆ ಅಧೋಮುಖ ಶ್ವಾನಾಸನ. ಹಿಮ್ಮಡಿ ನೆಲಕ್ಕೆ ತಾಗಲೇಬೇಕೆಂಬ ಹಟ ಬಹಳ ಜನರ ಬೆನ್ನನ್ನು ಇಲ್ಲಿ ಗೂನಾಗಿಸುತ್ತದೆ. ತೊಡೆಯ ಹಿಂಬದಿಯ ಸ್ನಾಯುಗಳು ಬಿಗಿಯಾಗಿರುವಾಗ ಕಾಲನ್ನು ನೆಟ್ಟಗೆ ಮಾಡಿದರೆ ಅವು ಸೊಂಟದ ಮೂಳೆಯನ್ನು ಕೆಳಕ್ಕೆ ಜಗ್ಗುತ್ತವೆ, ಬೆನ್ನು ಡೊಂಕಾಗುತ್ತದೆ. ಮಂಡಿಗಳನ್ನು ಧಾರಾಳವಾಗಿ ಮಡಚಿಕೊಂಡು, ಹಿಮ್ಮಡಿಗಳನ್ನು ಎತ್ತಿಯೇ ಇಟ್ಟು, ಮೊದಲು ಬೆನ್ನು ನೀಳವಾಗಲಿ. ಐದು ಉಸಿರಿನ ನಂತರ ಮಂಡಿಯೂರಿ ವಿಶ್ರಮಿಸಿ ಇನ್ನೊಮ್ಮೆ ಮಾಡಿ. ಮಣಿಕಟ್ಟು ನೋಯುವವರು ಗೋಡೆಗೆ ಅಂಗೈಗಳನ್ನು ಸೊಂಟದೆತ್ತರದಲ್ಲಿ ಊರಿ, ಹಿಂದೆ ಸರಿದು ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿದರೆ ಇದೇ ಪ್ರಯೋಜನ ಬಹುಪಾಲು ಸಿಗುತ್ತದೆ.

ಬೋರಲು ಮಲಗಿ ಭುಜಂಗಾಸನವನ್ನು ಮೂರು ಬಾರಿ ಮಾಡಿ. ಇದರಲ್ಲಿ ಎದೆಯನ್ನು ಎತ್ತಬೇಕಾದದ್ದು ಬೆನ್ನಿನ ಸ್ನಾಯುಗಳು. ಕೈಯಿಂದ ತಳ್ಳಿ ಮೇಲೇರಿದರೆ ಭಾರವೆಲ್ಲ ಸೊಂಟದ ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಎದೆ ಎತ್ತಿದ ಸ್ಥಿತಿಯಲ್ಲಿ ಅಂಗೈಗಳನ್ನು ನೆಲದಿಂದ ಒಂದಂಗುಲ ಬಿಡಿಸಿ ನೋಡಿ. ಎದೆ ಧೊಪ್ಪನೆ ಕುಸಿದರೆ ನೀವು ಏರಿದ್ದು ಕೈಬಲದಿಂದ. ಕುಸಿಯದೆ ನಿಂತ ಎತ್ತರವೇ ಸದ್ಯಕ್ಕೆ ನಿಮ್ಮದು, ಅದು ನಾಲ್ಕು ಬೆರಳಿನಷ್ಟೇ ಇದ್ದರೂ ಸರಿ. ಇದಾದ ಬಳಿಕ ಹಿಮ್ಮಡಿಗಳ ಮೇಲೆ ಕುಳಿತು ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೊ ಮಡಚಿದ ಹೊದಿಕೆಗೊ ಆನಿಸಿ, ಬಾಲಾಸನದಲ್ಲಿ ಐದು ಉಸಿರು ಇರಿ. ಹಿಂದಕ್ಕೆ ಬಾಗಿದ ಬೆನ್ನಿಗೆ ಇದು ಬಿಡುವು.

ಕೊನೆಯದಾಗಿ ಅಂಗಾತ ಮಲಗಿ, ಮಂಡಿಗಳನ್ನು ಮಡಚಿ ಎರಡನ್ನೂ ಒಟ್ಟಿಗೆ ಬಲಕ್ಕೆ ಇಳಿಬಿಟ್ಟು, ತೋಳುಗಳನ್ನು ಚಾಚಿ ಎಡಕ್ಕೆ ನೋಡುತ್ತ ಐದಾರು ಉಸಿರು. ಮತ್ತೆ ಇನ್ನೊಂದು ಬದಿಗೆ. ಮಂಡಿ ನೆಲ ಮುಟ್ಟದಿದ್ದರೆ ಕೆಳಗೆ ದಿಂಬು ಕೊಡಿ. ಇದರಿಂದ ನೇರವಾಗಿ ಶವಾಸನಕ್ಕೆ ಹೋಗಬಹುದು. ಅದರ ಮಾತು ಕೊನೆಗೆ ಬರುತ್ತದೆ.

ಸೆಳೆತ, ನೋವು, ಎಚ್ಚರಿಕೆ

ಸ್ನಾಯುವಿನ ನಡುಭಾಗದಲ್ಲಿ ಹರಡಿಕೊಂಡಂತೆ ಆಗುವ, ಉಸಿರು ಬಿಟ್ಟಾಗ ಕಡಿಮೆಯಾಗುವ ಸೆಳೆತದಿಂದ ಭಯವಿಲ್ಲ. ಕೀಲಿನ ಒಳಗೆ ಚುಚ್ಚುವ, ಒಂದೇ ಬಿಂದುವಿನಲ್ಲಿ ನಿಲ್ಲುವ ನೋವು, ಕಾಲಿಗೊ ಕೈಗೊ ಮಿಂಚಿನಂತೆ ಹರಿಯುವ ನೋವು, ಜೋಮು, ತಲೆಸುತ್ತು ಇವು ಕಾಣಿಸಿಕೊಂಡರೆ ಆ ಕ್ಷಣವೇ ನಿಲ್ಲಿಸಬೇಕು.

ಮಂಡಿಯ ವಿಷಯದಲ್ಲಿ ನಾನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಮಂಡಿ ಮುಖ್ಯವಾಗಿ ಬಾಗಿಲ ತಿರುಗಣಿಯಂತೆ ಮಡಚಿ ಬಿಚ್ಚುವ ಕೀಲು. ಎಲ್ಲ ಕಡೆಗೂ ತಿರುಗಬಲ್ಲದ್ದು ಸೊಂಟದ ಕೀಲು. ಪದ್ಮಾಸನದಲ್ಲಿ ಬೇಕಾದ ತಿರುವು ಸೊಂಟದಿಂದ ಬರಬೇಕು. ಸೊಂಟ ತಿರುಗದಿರುವಾಗ ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲಿಟ್ಟರೆ ಆ ತಿರುವನ್ನೆಲ್ಲ ಮಂಡಿ ಸಹಿಸಬೇಕಾಗುತ್ತದೆ. ಹಾಗೆ ಎಳೆದು ಕುಳಿತ ತಪ್ಪಿಗೆ ನಾನು ಮೂರು ತಿಂಗಳು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಯಿತು. ಉಸಿರು ಬಿಗಿದಿದ್ದು ನನಗೆ ಅಂದೇ ತಿಳಿದಿತ್ತು, ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರಾಣಾಯಾಮಕ್ಕೆ ಸುಖಾಸನದಲ್ಲಿ, ಅಂದರೆ ಸಾಧಾರಣ ಚಕ್ಕಳಮಕ್ಕಳದಲ್ಲಿ, ಕುಳಿತರೆ ಧಾರಾಳವಾಯಿತು; ಮಂಡಿಗಳು ಸೊಂಟಕ್ಕಿಂತ ಎತ್ತರದಲ್ಲಿ ನಿಂತರೆ ಅವು ಕೆಳಗಿಳಿಯುವಷ್ಟು ಹೊದಿಕೆಯನ್ನು ಮಡಚಿ ಪೃಷ್ಠದ ಕೆಳಗೆ ಹಾಕಿಕೊಳ್ಳಿ. ಕುರ್ಚಿಯ ಮೇಲೆ ಕುಳಿತರೂ ಲೋಪವಿಲ್ಲ.

ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು ಉಸಿರು ಹಿಡಿಯುವ ಕುಂಭಕವನ್ನೂ ತಲೆ ಕೆಳಗಾಗುವ ಆಸನಗಳನ್ನೂ ಮಾಡಬಾರದು. ತಲೆ ಕೆಳಗಾದಾಗ ಕಣ್ಣಿನ ಒಳಗಿನ ಒತ್ತಡ ಏರುವುದರಿಂದ ಗ್ಲಾಕೋಮಾ ಇರುವವರು ಅಧೋಮುಖ ಶ್ವಾನಾಸನದ ಬದಲು ಗೋಡೆಯ ಕ್ರಮವನ್ನೇ ಅನುಸರಿಸಲಿ. ಮೂಳೆಗಳು ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇದ್ದವರಿಗೆ ಬೆನ್ನನ್ನು ಗುಂಡಾಗಿಸಿ ಮುಂದಕ್ಕೆ ಬಾಗುವುದೂ ಬಲವಾಗಿ ತಿರುಚುವುದೂ ಅಪಾಯಕರ. ಗರ್ಭಿಣಿಯರು, ಡಿಸ್ಕ್ ಜಾರಿದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ತಮ್ಮ ವೈದ್ಯರನ್ನು ಕೇಳಿ, ಅನುಭವಿ ಶಿಕ್ಷಕರ ಎದುರಿನಲ್ಲಿ ಕಲಿತ ಮೇಲಷ್ಟೇ ಮನೆಯಲ್ಲಿ ಮಾಡಬೇಕು.

ಬೆಳೆಸುವುದು, ತಪ್ಪಿಹೋದ ದಿನಗಳು

ಮೊದಲ ನಾಲ್ಕು ವಾರ ಕ್ರಮವನ್ನು ಬದಲಿಸಬೇಡಿ. ಹೊಸ ಆಸನದ ಆಸೆ ಹುಟ್ಟುವುದು ಸಹಜ. ಆದರೆ ಅದೇ ಆಸನವನ್ನು ದಿನವೂ ಮಾಡಿದಾಗ ಮಾತ್ರ ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ಕಾಣಿಸುತ್ತದೆ. ಐದನೆಯ ವಾರದಿಂದ ಹದಿನೈದು ದಿನಕ್ಕೊಂದರಂತೆ ಸೇರಿಸಬಹುದು: ಗೋಡೆಯ ಪಕ್ಕದಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವ ವೃಕ್ಷಾಸನ, ಆಮೇಲೆ ಅಂಗಾತ ಮಲಗಿ ಸೊಂಟವನ್ನು ಮೇಲೆತ್ತುವ ಸೇತುಬಂಧಾಸನ, ಆಮೇಲೆ ನಿಧಾನಗತಿಯ ಸೂರ್ಯನಮಸ್ಕಾರ ಎರಡು ಸುತ್ತು. ಹನ್ನೆರಡು ಸ್ಥಿತಿಗಳ ಸೂರ್ಯನಮಸ್ಕಾರವನ್ನು ಮೊದಲ ದಿನವೇ ಎತ್ತಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಮೇಲಿನ ಆಸನಗಳು ಬಿಡಿಬಿಡಿಯಾಗಿ ಮೈಗೂಡಿದ ಮೇಲೆ ಅದು ತಾನಾಗಿಯೇ ಕೂಡಿಬರುತ್ತದೆ. ಎರಡನೆಯ ತಿಂಗಳಿನಿಂದ ಕೊನೆಯಲ್ಲಿ ಮೂರು ನಿಮಿಷ ನಾಡಿಶೋಧನವನ್ನು, ಕುಂಭಕವಿಲ್ಲದೆ, ಎಡ ಮೂಗಿನ ಹೊಳ್ಳೆಯಿಂದ ತೆಗೆದು ಬಲದಿಂದ ಬಿಟ್ಟು, ಬಲದಿಂದ ತೆಗೆದು ಎಡದಿಂದ ಬಿಡುವ ಕ್ರಮದಲ್ಲಿ ಮಾಡಬಹುದು. ಇದು ಶವಾಸನಕ್ಕೆ ಮೊದಲು ಬರಬೇಕು.

ಒಂದು ದಿನ ತಪ್ಪಿದರೆ ಮರುದಿನ ಇಪ್ಪತ್ತು ನಿಮಿಷ ಮಾಡಿ ಸರಿದೂಗಿಸಲು ಹೋಗಬೇಡಿ, ಹತ್ತನ್ನೇ ಮಾಡಿ. ಹತ್ತಕ್ಕೂ ಬಿಡುವಿಲ್ಲದ ದಿನಗಳಿಗೆಂದು ಮೂರು ನಿಮಿಷದ ಒಂದು ಚಿಕ್ಕ ಕ್ರಮ ಇರಲಿ: ತಾಡಾಸನ, ಮಾರ್ಜಾಲಾಸನ, ಒಂದು ನಿಮಿಷ ಶವಾಸನ. ಜ್ವರ ಬಂದ ದಿನ ಅಂಗಾತ ಮಲಗಿ ಉಸಿರನ್ನು ಗಮನಿಸಿದರೂ ಆ ದಿನದ ಅಭ್ಯಾಸ ನಡೆದಂತೆಯೇ. ಮುಟ್ಟಿನ ದಿನಗಳಲ್ಲಿ ಆಯಾಸವಿದ್ದರೆ ಬಾಲಾಸನ ಮತ್ತು ಮಲಗಿ ಮಾಡುವ ತಿರುವುಗಳಷ್ಟೇ ಸಾಕು.

ಶವಾಸನ

ಹೊತ್ತು ಮೀರುತ್ತಿದೆಯೆಂದು ಮೊದಲು ಕತ್ತರಿ ಬೀಳುವುದು ಶವಾಸನಕ್ಕೆ. ಒಂದು ಆಸನವನ್ನು ಬಿಡಲೇಬೇಕಾಗಿದ್ದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಎರಡು ನಿಮಿಷವಾದರೂ ಉಳಿಸಿಕೊಳ್ಳಿ. ಕಾಲುಗಳನ್ನು ಚಾಪೆಯಷ್ಟು ಅಗಲಿಸಿ, ಅಂಗೈಗಳನ್ನು ಮೇಲ್ಮುಖವಾಗಿ ಮೈಯಿಂದ ತುಸು ದೂರವಿಟ್ಟು ಮಲಗಿ. ಸೊಂಟ ನೆಲದಿಂದ ಎತ್ತಿಕೊಂಡು ನೋಯುತ್ತಿದ್ದರೆ ಮಂಡಿಗಳ ಕೆಳಗೆ ಸುತ್ತಿದ ಹೊದಿಕೆ ಕೊಡಿ. ಪಾದಗಳಿಂದ ಆರಂಭಿಸಿ ಒಂದೊಂದೇ ಅಂಗದ ಭಾರವನ್ನು ನೆಲಕ್ಕೆ ಒಪ್ಪಿಸುತ್ತ ಬಂದು, ನಾಲಿಗೆಯ ಬುಡವನ್ನೂ ಕಣ್ಣುಗುಡ್ಡೆಗಳ ಹಿಂಭಾಗವನ್ನೂ ಸಡಿಲಬಿಡಿ. ಉಸಿರನ್ನು ನಡೆಸುವ ಗೋಜಿಗೆ ಹೋಗದೆ, ಅದು ಹೊಟ್ಟೆಯನ್ನು ಏರಿಸಿ ಇಳಿಸುವುದನ್ನು ಸುಮ್ಮನೆ ನೋಡುತ್ತಿರಿ.

ಏಳುವಾಗ ನೇರವಾಗಿ ಎದ್ದು ಕೂರದೆ ಬಲಮಗ್ಗುಲಿಗೆ ತಿರುಗಿ, ಎರಡು ಉಸಿರಿನಷ್ಟು ಹೊತ್ತು ಹಾಗೆಯೇ ಇದ್ದು, ಎಡಗೈಯನ್ನು ನೆಲಕ್ಕೊತ್ತಿ ನಿಧಾನವಾಗಿ ಎದ್ದು ಕುಳಿತುಕೊಳ್ಳಿ. ಕಣ್ಣು ಮುಚ್ಚಿಕೊಂಡೇ ಒಂದು ನಿಮಿಷದಲ್ಲಿ ಎಷ್ಟು ಉಸಿರು ಆಡುತ್ತದೆಂದು ಎಣಿಸಿ, ಚಾಪೆ ಸುತ್ತಿಡುವ ಮೊದಲು ದಿನಾಂಕದ ಜೊತೆ ಆ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ.